ಬಾಟಲಿಯ ಹಿಂದಿನ ಬೂಸಾ

ಬಿಯರ್ ರುಚಿ ಬಲ್ಲವರು ನೊರೆ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಕಹಿಗೆ ಅಂಕ ಕೊಡುತ್ತಾರೆ. ಬ್ರೂವರಿಯ ಹಿಂಬಾಗಿಲಲ್ಲಿ ಹಬೆಯಾಡುವ ರಾಶಿಯತ್ತ ಮಾತ್ರ ತಿರುಗಿ ನೋಡುವವರು ಕಡಿಮೆ. ಒಂದು ಲೀಟರ್ ಬಿಯರ್‌ಗೆ ಸುಮಾರು 200 ಗ್ರಾಂ ಹಸಿ ಬೂಸಾ ಉಳಿಯುತ್ತದೆ. 650 ಮಿ.ಲೀ. ಬಾಟಲಿಗೆ ಹೆಚ್ಚುಕಡಿಮೆ 130 ಗ್ರಾಂ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು ಸುಮಾರು 65 ಡಿಗ್ರಿ ಬಿಸಿನೀರಿಗೆ ಹಾಕಿದರೆ ಪಿಷ್ಟವೆಲ್ಲ ಸಕ್ಕರೆಯಾಗಿ ನೀರಿಗಿಳಿಯುತ್ತದೆ. ಸಿಹಿನೀರು ಬಿಯರ್ ಆಗಲು ಹೊರಡುತ್ತದೆ. ಸಿಪ್ಪೆ, ನಾರು, ಪ್ರೋಟೀನು ಹಿಂದುಳಿಯುತ್ತವೆ; ಅದೇ ಈ ಬೂಸಾ. ಮುಷ್ಟಿಯಲ್ಲಿ ಹಿಂಡಿ ನೋಡಿ: ಬೆರಳ ಸಂದಿಯಿಂದ ಕಂದು ನೀರು, ಮೂಗಿಗೆ ಹುರಿಹಿಟ್ಟಿನ ಘಮ. ಮುಕ್ಕಾಲು ಪಾಲಿಗೂ ಮಿಕ್ಕಿ ನೀರೇ. ಬಿಸಿಲ ನಾಡಿನಲ್ಲಿ ಮರುದಿನವೇ ಹುಳಿ, ಮೂರನೇ ದಿನ ಬೂಷ್ಟು.

ಕಷ್ಟವೆಲ್ಲ ಆ ನೀರಿನದೇ.

ಬೂಸಾ ಎಷ್ಟು ಸಿಗುತ್ತದೆಂಬುದೂ ನೀರಿನ ಕೈಯಲ್ಲೇ ಇದೆ. ಛತ್ರಪತಿ ಸಂಭಾಜಿನಗರದ (ಮೊನ್ನೆ ಮೊನ್ನೆಯವರೆಗೂ ಔರಂಗಾಬಾದ್) ವಾಳೂಜ್ ಕೈಗಾರಿಕಾ ಪ್ರದೇಶ ಬಿಯರ್‌ಗೆ ಹೆಸರಾದದ್ದು. ನೀರು ಪೈಠಣದ ಜಾಯಕವಾಡಿ ಜಲಾಶಯದ್ದು, ಅಂದರೆ ಗೋದಾವರಿಯದ್ದು. ಆ ನದಿ ಹುಟ್ಟುವುದು ವೈನ್ ನಾಡು ನಾಸಿಕ್‌ನ ಪಕ್ಕದ ತ್ರ್ಯಂಬಕೇಶ್ವರದಲ್ಲಿ. ನಾಸಿಕ್‌ನ ದ್ರಾಕ್ಷಿ ಸಿಪ್ಪೆ ಕೊಯ್ಲಿನ ಕಾಲದಲ್ಲಷ್ಟೇ ಸಿಗುತ್ತದೆ. ಬಾರ್ಲಿ ಬೂಸಾಕ್ಕೆ ಋತುವಿಲ್ಲ. ಆದರೆ ಬರ ಇದಕ್ಕೂ ತಟ್ಟುತ್ತದೆ. 2016ರಲ್ಲಿ ಹೈಕೋರ್ಟಿನ ಔರಂಗಾಬಾದ್ ಪೀಠ ಬ್ರೂವರಿಗಳ ನೀರನ್ನು ಶೇ 60ರವರೆಗೆ ಕಡಿತಗೊಳಿಸಿತು. ಕುಡಿಯುವ ನೀರಿಗೇ ತತ್ವಾರವಾದಾಗ ಅದು ಸರಿಯೇ. ಆದರೆ ಬಿಯರ್ ಇಳಿದರೆ ಬೂಸಾವೂ ಇಳಿಯುತ್ತದೆ, ಅದೂ ದನಗಳಿಗೆ ಮೇವಿಲ್ಲದ ಹೊತ್ತಿನಲ್ಲಿ.

ಬೂಸಾವನ್ನು ಇಂಧನ ಮಾಡುವ ಮಾತು ಕೇಳಲು ಚೆಂದ. ಹಸಿಯಾಗಿಯೇ ಉರಿಸಹೊರಟರೆ ಅರ್ಧ ಬೆಂಕಿ ನೀರು ಆರಿಸುವುದಕ್ಕೇ ಹೋಗುತ್ತದೆ. ಅಲಾಸ್ಕದ ಜೂನೋ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಬೂಸಾ ಹಡಗಿನಲ್ಲಿ ಸಾಗಿಸುವ ಖರ್ಚಿಗೆ ಬೇಸತ್ತ ಅಲ್ಲಿನ ಅಲಾಸ್ಕನ್ ಬ್ರೂಯಿಂಗ್ ಕಂಪನಿ ಅದನ್ನು ಒಣಗಿಸಿ ತನ್ನ ಬಾಯ್ಲರ್‌ಗೇ ಹಾಕಿತು. ಆಸ್ಟ್ರಿಯದ ಗೊಸ್ ಬ್ರೂವರಿ ಜಾಣತನ ಮಾಡಿ ಹಸಿಯನ್ನೇ ಕೊಳೆಸಿ ಅನಿಲ ತೆಗೆಯುತ್ತದೆ. ನಮ್ಮ ಗೋಬರ್ ಗ್ಯಾಸ್‌ನ ದೊಡ್ಡಣ್ಣ ಎನ್ನಿ.

ಬೆಂಗಳೂರಿನ ಸೇವಿಂಗ್ ಗ್ರೇನ್ಸ್ ಎಂಬ ಸಂಸ್ಥೆ ಬೂಸಾವನ್ನು ಒಣಗಿಸಿ ಹಿಟ್ಟು ಮಾಡುತ್ತದೆ. ಒಣಹಿಟ್ಟಿನಲ್ಲಿ ಪ್ರೋಟೀನು ಸುಮಾರು ಐದನೇ ಒಂದು ಪಾಲು, ನಾರು ಧಾರಾಳ, ಅಂಟು ಮಾತ್ರ ಸಾಲದು. ಗೋಧಿಹಿಟ್ಟಿಗೆ ಹತ್ತರಲ್ಲೊಂದು ಪಾಲು ಬೆರೆಸಿದರೆ ಚಪಾತಿ ಹದವಾಗಿರುತ್ತದೆ. ಆಸೆಪಟ್ಟು ಸುರಿದರೆ ಲಟ್ಟಣಿಗೆಯಡಿಯಲ್ಲೇ ಹರಿಯುತ್ತದೆ. ಅಣಬೆ ಬೆಳೆಯುವುದಕ್ಕೂ, ಕಿಣ್ವ ಮತ್ತು ಜೈಲಿಟಾಲ್ ಸಿಹಿ ತೆಗೆಯುವುದಕ್ಕೂ ಬೂಸಾ ಆದೀತೆಂದು ಪ್ರಯೋಗಾಲಯಗಳು ತೋರಿಸಿವೆ. ಆದರೂ ಒಣಗಿಸುವ ಖರ್ಚಿಲ್ಲದೆ, ಹುಳಿಯುವ ಮೊದಲೇ ಖಾಲಿ ಮಾಡುವ ಗಿರಾಕಿ ಇವತ್ತಿಗೂ ಹತ್ತಿರದ ಕೊಟ್ಟಿಗೆಯ ಹಸುವೇ.

ಬ್ರೂಪಬ್‌ಗೆ ಹೋಗುವವರು ಮುಂದಿನ ಸಲ ಇದನ್ನೂ ವಿಚಾರಿಸಲಿ: ಇವತ್ತಿನ ಬೂಸಾ ಎಷ್ಟು ಗಂಟೆಗೆ ಹೊರಟಿತು, ಯಾರ ಮನೆಗೆ?