ಒಳಕೋಣೆ ಕಂಡ ಕ್ಯಾಮೆರಾ, ಬೂತ್ ಕಾಣದ ಚಿತ್ರ

ಚುನಾವಣೆಯನ್ನು ಕುರಿತು ನಮ್ಮ ದೇಶದಲ್ಲಿ ಬಂದಿರುವ ಸಾಕ್ಷ್ಯಚಿತ್ರಗಳಲ್ಲಿ ಖುಷ್ಬೂ ರಾಂಕಾ ಮತ್ತು ವಿನಯ್ ಶುಕ್ಲಾ ನಿರ್ದೇಶಿಸಿದ ‘ಆ್ಯನ್ ಇನ್‌ಸಿಗ್ನಿಫಿಕೆಂಟ್ ಮ್ಯಾನ್’ ಚಿತ್ರವನ್ನು ನಾನು ಬಹಳ ಎತ್ತರದಲ್ಲಿ ಇಡುತ್ತೇನೆ. 2013ರ ದೆಹಲಿ ವಿಧಾನಸಭಾ ಚುನಾವಣೆ ಅದರ ವಸ್ತು. ಆಗಷ್ಟೇ ಹುಟ್ಟಿದ ಆಮ್ ಆದ್ಮಿ ಪಕ್ಷ, ಅದರ ನಾಯಕ ಅರವಿಂದ ಕೇಜ್ರಿವಾಲ್, ಪಕ್ಕದಲ್ಲಿ ಯೋಗೇಂದ್ರ ಯಾದವ್. 2016ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡ ಚಿತ್ರ 2017ರ ನವೆಂಬರ್ 17ರಂದು ನಮ್ಮ ಚಿತ್ರಮಂದಿರಗಳಿಗೆ ಬಂತು. ದಕ್ಷಿಣ ಬೆಂಗಳೂರಿನಲ್ಲಿ ವೋಟು ಹಾಕುವ ನಮ್ಮಂಥವರು ಈಗ ಅದನ್ನು ಮತ್ತೆ ನೋಡಿದರೆ ಮೊದಲು ಕಾಣದಿದ್ದ ಒಂದು ದೊಡ್ಡ ಕೊರತೆ ಎದ್ದು ಕಾಣುತ್ತದೆ. ಅದಕ್ಕೆ ಕಾರಣ ಜಯನಗರ.

ಮೊದಲು ಚಿತ್ರದ ಬಲದ ಮಾತು. ನಿರ್ದೇಶಕರು ಕ್ಯಾಮೆರಾ ಎತ್ತಿಕೊಂಡದ್ದು ಪಕ್ಷ ಗೆದ್ದ ಮೇಲಲ್ಲ. ಆ ಪಕ್ಷ ಒಂದು ಸೀಟನ್ನಾದರೂ ಗೆಲ್ಲುತ್ತದೆಯೇ ಎಂದು ಟಿ.ವಿ. ಚರ್ಚೆಗಳಲ್ಲಿ ನಗುತ್ತಿದ್ದ ಕಾಲದಲ್ಲಿ. ಹಾಗಾಗಿ ಬಾಗಿಲು ಮುಚ್ಚಿದ ಸಭೆಗಳ ಒಳಗೆ ಕ್ಯಾಮೆರಾ ಇದೆ, ಕೂತವರಿಗೆ ಅದರ ನೆನಪೇ ಇದ್ದಂತಿಲ್ಲ. ಟಿಕೆಟ್ ಹಂಚಿಕೆಯ ಬಗ್ಗೆ ಸ್ವಯಂಸೇವಕರ ಅಸಮಾಧಾನ, ಅವರನ್ನು ಸಮಾಧಾನಪಡಿಸುವ ಯಾದವ್ ಅವರ ತಾಳ್ಮೆ, ನಾಯಕನ ಆತುರ, ಎಲ್ಲವೂ ಹಸಿಹಸಿಯಾಗಿ ಸಿಗುತ್ತವೆ. ಹಿನ್ನೆಲೆ ನಿರೂಪಕನ ದನಿ ಇಲ್ಲ, ಕುರ್ಚಿ ಹಾಕಿಸಿ ಕೂರಿಸಿ ತೆಗೆದ ಸಂದರ್ಶನಗಳಿಲ್ಲ. ಸುಮಾರು 400 ಗಂಟೆಗಳ ಚಿತ್ರೀಕರಣವನ್ನು ಒಂದೂವರೆ ಗಂಟೆಗೆ ಇಳಿಸಿದ್ದಾರೆ. ಆದರೂ ಓಟ ಥ್ರಿಲ್ಲರ್ ಸಿನಿಮಾದ್ದು. ಎಲ್ಲರ ಮಾತು ಕೇಳುವ ಪಕ್ಷ ಕಟ್ಟಬೇಕೆನ್ನುವವರು ಮತ್ತು ಬೇಗ ಗೆಲ್ಲಬೇಕೆನ್ನುವವರ ನಡುವಿನ ಬಿರುಕು 2013ರಲ್ಲೇ ಪರದೆಯ ಮೇಲೆ ಬೀಳುತ್ತದೆ. 2015ರ ಏಪ್ರಿಲ್‌ನಲ್ಲಿ ಯಾದವ್ ಅವರನ್ನು ಪಕ್ಷದಿಂದ ಹೊರಹಾಕಿದಾಗ ಸುದ್ದಿವಾಹಿನಿಗಳು ಬೆಚ್ಚಿಬಿದ್ದವು. ಈ ಚಿತ್ರವನ್ನು ಗಮನವಿಟ್ಟು ನೋಡುವವರಿಗೆ ಅದರ ಬೀಜ ಅಲ್ಲೇ ಸಿಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಸಂತೋಷ್ ಕೋಲಿ. ಸುಂದರ್ ನಗ್ರಿಯ ಕೊಳೆಗೇರಿಯಲ್ಲಿ ಪಡಿತರದ ಅಕ್ಕಿ-ಗೋಧಿ ಎಲ್ಲಿ ಸೋರಿಹೋಗುತ್ತಿದೆ ಎಂದು ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಹೋರಾಡಿ ಬೆಳೆದ ಹೆಣ್ಣುಮಗಳು. ಸೀಮಾಪುರಿ ಕ್ಷೇತ್ರದ ಅಭ್ಯರ್ಥಿ. 2013ರ ಜೂನ್ ಕೊನೆಯಲ್ಲಿ ಬೈಕಿನ ಹಿಂದೆ ಕೂತು ಹೋಗುತ್ತಿದ್ದಾಗ ಕಾರು ಗುದ್ದಿತು, ಆಗಸ್ಟ್‌ನಲ್ಲಿ ತೀರಿಕೊಂಡರು. ಆಕೆ ಪರದೆಯ ಮೇಲಿರುವಷ್ಟು ಹೊತ್ತು ರಾಜಕೀಯವೆಂದರೆ ಒಂದು ಬೀದಿ, ಒಂದು ರೇಷನ್ ಅಂಗಡಿ, ಅದರ ಮುಂದಿನ ಸಾಲು. ಆಕೆಯ ಸಾವಿನ ನಂತರ ಚಿತ್ರ ಮತ್ತೆ ನಾಯಕರ ಕಡೆಗೇ ತಿರುಗುತ್ತದೆ. ಸೀಮಾಪುರಿಯಲ್ಲಿ ಆಕೆಯ ತಮ್ಮ ನಿಂತು ಗೆದ್ದದ್ದು ಇತಿಹಾಸ. ಆದರೆ ಆ ಬೀದಿಯವರು ಆ ವೋಟನ್ನು ಹೇಗೆ ಯೋಚಿಸಿ ಹಾಕಿದರು, ಸಿಟ್ಟಿನಿಂದಲೋ ದುಃಖದಿಂದಲೋ ಲೆಕ್ಕಾಚಾರದಿಂದಲೋ, ಎಂಬುದು ನಮಗೆ ತಿಳಿಯುವುದೇ ಇಲ್ಲ.

ಚಿತ್ರದ ಮುಖ್ಯ ದೌರ್ಬಲ್ಯ ಇದೇ. ಮತದಾರ ಇಲ್ಲಿ ಗುಂಪು. ಟೋಪಿ ಹಾಕಿ ಕೈ ಬೀಸುತ್ತಾನೆ, ಕರೆಂಟ್ ಬಿಲ್ ತೋರಿಸುತ್ತಾನೆ, ಜೈಕಾರ ಹಾಕುತ್ತಾನೆ; ಮನೆಗೆ ಹೋಗಿ ಹೆಂಡತಿಯ ಹತ್ತಿರ, ಪಕ್ಕದ ಮನೆಯವರ ಹತ್ತಿರ ಏನು ಮಾತಾಡಿದ ಎಂಬುದು ಇಲ್ಲ. ಎದುರಾಳಿಗಳೂ ಬಹುಪಾಲು ವೇದಿಕೆಯ ಮೇಲೆ, ಟಿ.ವಿ. ತುಣುಕುಗಳಲ್ಲಿ ಮಾತ್ರ. ಹದಿನೈದು ವರ್ಷ ದೆಹಲಿ ಆಳಿದ ಶೀಲಾ ದೀಕ್ಷಿತ್ 25,864 ಮತಗಳಿಂದ ಸೋತರು. ಅದನ್ನು ಕೇಜ್ರಿವಾಲ್ ಗೆಲುವೆಂದು ತೋರಿಸುವುದರಲ್ಲಿ ಚಿತ್ರ ಮುಂದು. ಆಕೆಯ ಸೋಲೆಂದು ಬಿಡಿಸಿ ನೋಡುವ ವ್ಯವಧಾನ ಅದಕ್ಕಿಲ್ಲ. 70ರಲ್ಲಿ 28 ಸ್ಥಾನ ಎಂಬ ಫಲಿತಾಂಶ ಆಕಾಶದಿಂದ ಬಿದ್ದ ಹಾಗೆ ಬರುತ್ತದೆ.

ಈಗ ಜಯನಗರಕ್ಕೆ ಬನ್ನಿ. 2023ರ ಮೇ 13. ಎಸ್‌ಎಸ್‌ಎಂಆರ್‌ವಿ ಕಾಲೇಜಿನಲ್ಲಿ ವಿಧಾನಸಭಾ ಚುನಾವಣೆಯ ಎಣಿಕೆ. ಮೊದಲು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಮುಂದಿದ್ದರು. ಅಂಚೆ ಮತಗಳ ಬಗ್ಗೆ ತಕರಾರು ಎದ್ದಿತು, ಮರುಎಣಿಕೆಯಾಯಿತು, ಗೇಟಿನ ಹೊರಗೆ ಎರಡೂ ಪಕ್ಷಗಳವರ ಕೂಗಾಟ. ತಡರಾತ್ರಿ ಬಂದ ಫಲಿತಾಂಶ: ಬಿಜೆಪಿಯ ಸಿ.ಕೆ. ರಾಮಮೂರ್ತಿ 57,797, ಸೌಮ್ಯಾ ರೆಡ್ಡಿ 57,781. ಅಂತರ 16. ಕಣದಲ್ಲಿ ಸೌಮ್ಯಾ ರೆಡ್ಡಿ ಎಂಬ ಹೆಸರಿನ ಪಕ್ಷೇತರ ಅಭ್ಯರ್ಥಿಯೂ ಇದ್ದರು; ಅವರಿಗೆ ಬಿದ್ದ ಮತ 16ಕ್ಕಿಂತ ಎಷ್ಟೋ ಹೆಚ್ಚು. ನೋಟಾಗೆ ಬಿದ್ದದ್ದೂ ಹಾಗೇ. ಮುಂದಿನ ವರ್ಷವೇ ಲೋಕಸಭೆಗೆ ಅದೇ ಸೌಮ್ಯಾ ರೆಡ್ಡಿ ನಿಂತಾಗ ಜಯನಗರವನ್ನೂ ಒಳಗೊಂಡ ಬೆಂಗಳೂರು ದಕ್ಷಿಣ ಅವರನ್ನು 2.77 ಲಕ್ಷ ಮತಗಳಿಂದ ಸೋಲಿಸಿತು. ಒಂದೇ ಪ್ರದೇಶದ ಜನ ಒಂದು ವರ್ಷದೊಳಗೆ ಎರಡು ತೆರನಾಗಿ ವೋಟು ಹಾಕಿದ್ದಾರೆ. ಇದನ್ನು ನಾಯಕನ ಬೆನ್ನು ಹಿಡಿದ ಕ್ಯಾಮೆರಾ ವಿವರಿಸಲಾರದು.

ಅಂಥ ಫಲಿತಾಂಶದ ನಾಟಕ ಎಲ್ಲಿರುತ್ತದೆ? ಮತದಾನದ ದಿನ, ಬೂತಿನಲ್ಲಿ. ಮತಪಟ್ಟಿಯ ಮೇಲೆ ಸ್ಕೇಲು ಇಟ್ಟು, ಬಂದವರ ಹೆಸರಿಗೆ ಗೆರೆ ಎಳೆಯುತ್ತಾ ಕೂತ ಏಜೆಂಟ್. ಮಧ್ಯಾಹ್ನ ಮೂರರ ಹೊತ್ತಿಗೆ ಗೆರೆ ಬೀಳದ ಹೆಸರುಗಳನ್ನು ಚೀಟಿಯಲ್ಲಿ ಬರೆದು ಹೊರಗೆ ಕಳಿಸುತ್ತಾನೆ. ಹುಡುಗರು ಆ ಮನೆಗಳಿಗೆ ಓಡುತ್ತಾರೆ. ಮನೆಯವರು ಊರಿಗೆ ಹೋಗಿದ್ದಾರೆ, ಅಜ್ಜಿಗೆ ಮೆಟ್ಟಿಲು ಇಳಿಯಲಾಗುವುದಿಲ್ಲ, ಬಿಟಿಎಂ ಲೇಔಟಿನ ಪಿ.ಜಿ.ಯ ಹುಡುಗನ ಹೆಸರು ಇನ್ನೂ ಹಾಸನದ ಪಟ್ಟಿಯಲ್ಲಿದೆ. ಸಂಜೆ ಮತಯಂತ್ರ ಮುಚ್ಚಿದ ಮೇಲೆ ಎಷ್ಟು ಮತ ಬಿದ್ದವೆಂದು ಫಾರ್ಮ್ 17ಸಿಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡುತ್ತಾರೆ. ಎಣಿಕೆಯ ದಿನ ತಾಳೆ ನೋಡಲು ಅವರ ಕೈಯಲ್ಲಿರುವುದು ಆ ಕಾಗದ. ಅಂಚೆ ಮತದ ಕಥೆ ಇನ್ನೂ ಸೂಕ್ಷ್ಮ: ಒಳಗಿನ ಮತಚೀಟಿ ಸರಿಯಾಗಿದ್ದರೂ ಜೊತೆಗಿಡುವ 13ಎ ಘೋಷಣಾಪತ್ರದಲ್ಲಿ ಸಹಿಯೋ ದೃಢೀಕರಣವೋ ತಪ್ಪಿದರೆ ಅದನ್ನು ಎಣಿಸುವುದಿಲ್ಲ. 16 ಮತಗಳ ಕ್ಷೇತ್ರದಲ್ಲಿ ಕೆಲವೇ ಸರ್ಕಾರಿ ನೌಕರರ ಮರೆವು ಶಾಸಕರನ್ನು ಬದಲಿಸಬಲ್ಲದು. ರಾಂಕಾ ಮತ್ತು ಶುಕ್ಲಾ ಅವರಿಗಿದ್ದ ತಾಳ್ಮೆ ಇಲ್ಲಿ ನಿಂತಿದ್ದರೆ ಎಂಥ ಚಿತ್ರ ಆಗುತ್ತಿತ್ತು ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅವರ ಧೈರ್ಯದ ಬಗ್ಗೆ ಹೇಳದೆ ಹೋದರೆ ಅನ್ಯಾಯ. ಹಣ ಬಂದದ್ದು ಜನರ ದೇಣಿಗೆಯಿಂದ. ಪಹಲಾಜ್ ನಿಹಲಾನಿ ಅಧ್ಯಕ್ಷರಾಗಿದ್ದ ಸೆನ್ಸಾರ್ ಮಂಡಳಿ, ಪ್ರಧಾನಿ ನರೇಂದ್ರ ಮೋದಿ, ಶೀಲಾ ದೀಕ್ಷಿತ್, ಕೇಜ್ರಿವಾಲ್ ಮೂವರಿಂದಲೂ ನಿರಾಕ್ಷೇಪಣಾ ಪತ್ರ ತನ್ನಿ ಎಂದಿತು. ಮೇಲ್ಮನವಿ ನ್ಯಾಯಮಂಡಳಿ ಚಿತ್ರವನ್ನು ಬಿಡಿಸಿತು. ಬಿಡುಗಡೆಗೆ ತಡೆ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಹಿಂದಿನ ದಿನ ತಳ್ಳಿಹಾಕಿತು. ಆ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದು ಮಾಡಲಾಗಿದೆ. ಇಂದು ಅಂಥದೇ ಚಿತ್ರ ಮಾಡಿ ಮಂಡಳಿಯಲ್ಲಿ ಸಿಕ್ಕಿಕೊಂಡವರು ನೇರ ಹೈಕೋರ್ಟಿಗೆ ಹೋಗಬೇಕು. ಚುನಾವಣೆಯ ಚಿತ್ರ ಮಾಡುವವರಿಗೆ ವಕೀಲರ ಫೀಸೂ ಬಜೆಟ್ಟಿನ ಭಾಗವಾಗಿದೆ.

ಹೀಗಿದ್ದರೂ ಕನ್ನಡದಲ್ಲಿ ಇಂಥ ಪ್ರಯತ್ನ ಆಗಲೇಬೇಕು ಎಂಬುದು ನನ್ನ ಹಟ. ವಸ್ತುವಿಗೆ ಬರವಿಲ್ಲ. 2014ರಲ್ಲಿ ಆಧಾರ್ ಯೋಜನೆಯ ನಂದನ್ ನಿಲೇಕಣಿ ಇದೇ ದಕ್ಷಿಣ ಕ್ಷೇತ್ರದಲ್ಲಿ ಅನಂತಕುಮಾರ್ ಎದುರು 2.28 ಲಕ್ಷ ಮತಗಳಿಂದ ಸೋತರು. ದೆಹಲಿಯನ್ನು ಅಲುಗಾಡಿಸಿದ ಆಮ್ ಆದ್ಮಿ ಪಕ್ಷ ಅದೇ ಚುನಾವಣೆಯಲ್ಲಿ ಇಲ್ಲಿ ಠೇವಣಿ ಕಳೆದುಕೊಂಡಿತು. ವಿದ್ಯಾವಂತರ ಬಡಾವಣೆಗಳು ಎಂದು ಹೆಸರಾದ ಕಡೆ, ಮತದಾನ ಅರ್ಧಕ್ಕಿಂತ ತುಸುವೇ ಮೇಲಿರುವ ಕಡೆ, ಯಾರು ವೋಟು ಹಾಕುತ್ತಾರೆ, ಯಾರು ಹಾಕುವುದಿಲ್ಲ? ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ವಾರ್ಡಿಗೊಬ್ಬ ಕಾರ್ಪೊರೇಟರ್ ಇಲ್ಲದೆ ನಗರ ನಡೆದಿದೆ. ಬನಶಂಕರಿ ಎರಡನೇ ಹಂತದ ಸುಚಿತ್ರ ಫಿಲ್ಮ್ ಸೊಸೈಟಿಯಂಥ ಜಾಗದಲ್ಲಿ ಈ ದೆಹಲಿಯ ಚಿತ್ರವನ್ನು ತೋರಿಸಿ, ಜಗಳವಾಡಿ, ನಂತರ ಯಾರಾದರೂ ಇಬ್ಬರು ಒಂದು ವಾರ್ಡು ಆರಿಸಿಕೊಂಡು ಅಧಿಸೂಚನೆ ಹೊರಡುವ ಮೊದಲೇ ಅಲ್ಲಿ ಓಡಾಡಲು ಶುರು ಮಾಡಲಿ. ಅಭ್ಯರ್ಥಿಯ ಹಿಂದೆ ಒಬ್ಬರು ಹೋಗಲಿ. ಇನ್ನೊಬ್ಬರು ಮತಪಟ್ಟಿ ಹಿಡಿದ ಏಜೆಂಟನ ಪಕ್ಕ ಕೂರಲಿ, ಅವನು ಗೆರೆ ಎಳೆಯದ ಮನೆಗಳಿಗೆ ಹೋಗಿ ಬಾಗಿಲು ತಟ್ಟಲಿ.