ಉಳಿದವರು, ಹೊರಟವರು: ಪಾಲ್ ಸ್ಕಾಟರ ‘ಸ್ಟೇಯಿಂಗ್ ಆನ್’ ಕಾದಂಬರಿಯನ್ನು ಕುರಿತು

1947ರಲ್ಲಿ ಭಾರತವನ್ನು ಬಿಟ್ಟು ಹೊರಟ ಇಂಗ್ಲಿಷರನ್ನು ಕುರಿತು ಹುಟ್ಟಿದ ಸಾಹಿತ್ಯ ವಿಪುಲವಾಗಿದೆ. ಹಡಗು ಹತ್ತದೆ ಇಲ್ಲಿಯೇ ಉಳಿದ ಸ್ವಲ್ಪ ಜನರನ್ನು ಕುರಿತದ್ದಾದರೋ ವಿರಳ. ಚರಿತ್ರೆಯ ದೃಷ್ಟಿ ಸಹಜವಾಗಿಯೇ ಹೊರಡುವವರ ಮೆರವಣಿಗೆಯ ಮೇಲೆ ಬೀಳುತ್ತದೆ. ಮೆರವಣಿಗೆ ಮುಗಿದ ಮೇಲೆ ಬೀದಿಯಲ್ಲಿ ಉಳಿದವರು ಏನಾದರೆಂದು ಕೇಳುವುದು ಕಾದಂಬರಿಕಾರನ ಪಾಲಿಗೆ ಬಿಟ್ಟ ಕೆಲಸ. ಆ ಪ್ರಶ್ನೆಯನ್ನು ಕೇಳಿದ ಕೃತಿಗಳಲ್ಲಿ ಪಾಲ್ ಸ್ಕಾಟರ ‘ಸ್ಟೇಯಿಂಗ್ ಆನ್’ ಮುಖ್ಯವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಾಗಿ ಭಾರತಕ್ಕೆ ಬಂದಿದ್ದ ಸ್ಕಾಟರು 1966ರಿಂದ 1975ರವರೆಗೆ ನಾಲ್ಕು ಸಂಪುಟಗಳ ಬೃಹತ್ ಕಾದಂಬರಿಯಲ್ಲಿ ಬ್ರಿಟಿಷ್ ಆಳ್ವಿಕೆಯ ಕೊನೆಯ ವರ್ಷಗಳನ್ನು ಚಿತ್ರಿಸಿದರು. ಅದಾದ ಮೇಲೆ ಬಂದ ಈ ಚಿಕ್ಕ ಕೃತಿಗೆ 1977ರ ಬುಕರ್ ಪ್ರಶಸ್ತಿ ದೊರೆಯಿತು. 1978ರ ಮಾರ್ಚಿಯಲ್ಲಿ ಅವರು ತೀರಿಕೊಂಡರು.

ಕಥಾವಸ್ತು ಸರಳವಾದುದು. ಪಂಕೋಟ್ ಎಂಬ ಕಲ್ಪಿತ ಗಿರಿಧಾಮದಲ್ಲಿ ನಿವೃತ್ತ ಕರ್ನಲ್ ಟಸ್ಕರ್ ಸ್ಮಾಲಿ, ಅವನ ಹೆಂಡತಿ ಲೂಸಿ ವಾಸವಾಗಿದ್ದಾರೆ. ಸ್ವಾತಂತ್ರ್ಯಾನಂತರ ಟಸ್ಕರನು ಕೆಲಕಾಲ ಭಾರತೀಯ ಸೈನ್ಯದಲ್ಲಿ ಕರಾರಿನ ಮೇಲೆ ಇದ್ದು, ಬಳಿಕ ಮುಂಬಯಿಯ ಒಂದು ವ್ಯಾಪಾರ ಸಂಸ್ಥೆಯಲ್ಲಿ ದುಡಿದು, ಕೊನೆಗೆ ಈ ಬೆಟ್ಟದ ಊರಿಗೆ ಬಂದು ಸೇರಿದವನು. ಅವರ ಮನೆ ಸ್ಮಿತ್ಸ್ ಹೋಟೆಲಿಗೆ ಸೇರಿದ ಬಾಡಿಗೆಯ ಮನೆ. ಹೋಟೆಲಿನ ಒಡತಿ ಶ್ರೀಮತಿ ಭೂಲಾಭಾಯ್. ಪಕ್ಕದಲ್ಲಿ ಷಿರಾಜ್ ಎಂಬ ಹೊಸ ಹೋಟೆಲು ಎದ್ದುನಿಂತಿದೆ. ಹಳೆಯದರ ದಿನಗಳು ಎಣಿಕೆಗೆ ಬಂದಿವೆ. 1972ರ ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ, ಮನೆ ತೆರವು ಮಾಡಬೇಕೆಂಬ ಪತ್ರವನ್ನು ಓದಿದ ಟಸ್ಕರನು ಹೃದಯಾಘಾತದಿಂದ ಸಾಯುತ್ತಾನೆ. ಈ ಸಾವನ್ನು ಸ್ಕಾಟರು ಮೊದಲ ವಾಕ್ಯದಲ್ಲಿಯೇ ತಿಳಿಸಿಬಿಡುತ್ತಾರೆ. ಆದುದರಿಂದ ಮುಂದೇನಾಗುವುದೆಂಬ ಕುತೂಹಲ ವಾಚಕರಿಗೆ ಉಳಿಯುವುದಿಲ್ಲ. ಇವರು ಏಕೆ ಉಳಿದರು ಎಂಬ ಪ್ರಶ್ನೆಯೊಂದೇ ಅವರನ್ನು ಪುಟದಿಂದ ಪುಟಕ್ಕೆ ಕರೆದೊಯ್ಯುತ್ತದೆ.

ಈ ಕೃತಿಯನ್ನು ಅಳಿದ ಸಾಮ್ರಾಜ್ಯದ ಶೋಕಗೀತೆಯೆಂದು ಬಣ್ಣಿಸುವುದುಂಟು. ಆ ಮಾತು ಅರ್ಧ ಸತ್ಯ. ಸ್ಮಾಲಿ ದಂಪತಿಗಳ ಚಿಂತೆ ಸಾಮ್ರಾಜ್ಯವನ್ನು ಕುರಿತದ್ದಲ್ಲ. ನಿವೃತ್ತಿ ವೇತನ, ಬಾಡಿಗೆ, ತೋಟದ ಮಾಲಿಯ ಸಂಬಳ ಇವುಗಳನ್ನು ಕುರಿತದ್ದು. ಉಳಿಯುವ ನಿರ್ಧಾರವು ದೇಶಪ್ರೇಮದಿಂದಾಗಲಿ ತತ್ತ್ವದಿಂದಾಗಲಿ ಹುಟ್ಟದೆ ಸಣ್ಣ ಲೆಕ್ಕಾಚಾರಗಳಿಂದ ಹುಟ್ಟುತ್ತದೆಂಬುದನ್ನು ಸ್ಕಾಟರು ನಿರ್ದಾಕ್ಷಿಣ್ಯವಾಗಿ ತೋರಿಸಿದ್ದಾರೆ. ಮಿತವಾದ ಆದಾಯದಲ್ಲಿ ಇಲ್ಲಿ ಆಳುಕಾಳುಗಳೊಡನೆ ಬಾಳಬಹುದು. ಇಂಗ್ಲೆಂಡಿನಲ್ಲಿ ಅದೇ ಹಣಕ್ಕೆ ಒಂದು ಕೋಣೆಯ ಬಾಳು. ಅಲ್ಲಿ ಇವರನ್ನು ಬಲ್ಲವರೂ ಇಲ್ಲ. ಹೀಗೆ ವರ್ಷಕ್ಕೆ ವರ್ಷ ಕೂಡಿ, ಮುಂದೂಡಿದ ನಿರ್ಧಾರವೇ ನಿರ್ಧಾರವಾಗಿ ಪರಿಣಮಿಸುತ್ತದೆ. ತಾನು ಸತ್ತರೆ ತನ್ನ ಗತಿಯೇನೆಂದು ಲೂಸಿ ಕೇಳಿದಾಗ, ಬಾಯಲ್ಲಿ ಹೇಳಲಾರದ ಟಸ್ಕರನು ಪತ್ರ ಬರೆದು ಉತ್ತರ ಕೊಡುತ್ತಾನೆ. ಉಳಿದದ್ದು ಸರಿಯೆಂದೇ ಅವನ ಎಣಿಕೆ. ಆದರೆ ಅದು ಈಗ ನೆಲೆನಿಂತ ಉಳಿವಲ್ಲ, ಹೇಗೋ ಜೋತುಬಿದ್ದಿರುವ ಉಳಿವು ಎಂದು ಅವನು ಒಪ್ಪಿಕೊಳ್ಳುತ್ತಾನೆ. ಹಣದ ಲೆಕ್ಕವನ್ನು ಒಪ್ಪಿಸುವ ಆ ಒರಟು ಪತ್ರವನ್ನು ಲೂಸಿ ತನಗೆ ದೊರೆತ ಏಕೈಕ ಪ್ರೇಮಪತ್ರವೆಂದು ಕಾಪಾಡಿಕೊಳ್ಳುತ್ತಾಳೆ. ಈ ಸನ್ನಿವೇಶದಲ್ಲಿ ಹಾಸ್ಯವೂ ಕರುಣೆಯೂ ಬೇರ್ಪಡಿಸಲಾಗದಂತೆ ಬೆರೆತಿವೆ.

ಕಾದಂಬರಿಯ ನಿಜವಾದ ಬಲ ಇರುವುದು ಲೂಸಿಯ ಪಾತ್ರದಲ್ಲಿ. ಹಿರಿಯ ಅಧಿಕಾರಿಗಳ ಮಡದಿಯರ ಮುಂದೆ ಬಹುಕಾಲ ತಗ್ಗಿ ನಡೆದ ಹೆಂಗಸು ಅವಳು. ಉಳಿಯುವುದೋ ಹೊರಡುವುದೋ ಎಂಬ ಪ್ರಶ್ನೆಯಲ್ಲಿ ಅವಳ ಅಭಿಪ್ರಾಯ ಗಣನೆಗೆ ಬರಲಿಲ್ಲ. ನಿರ್ಧಾರ ಒಬ್ಬನದು, ಅದರ ಫಲವನ್ನು ಉಣ್ಣುವವರು ಇಬ್ಬರು. ಅವನು ತೀರಿಕೊಂಡ ಮೇಲೆ ಉಣ್ಣಬೇಕಾದವಳು ಅವಳೊಬ್ಬಳೇ. ಅಂತ್ಯದಲ್ಲಿ ಲೂಸಿ ಸತ್ತ ಗಂಡನನ್ನು ಉದ್ದೇಶಿಸಿ ಮನಸ್ಸಿನಲ್ಲಿಯೇ ಆಡಿಕೊಳ್ಳುವ ಮಾತು ಆಪಾದನೆಯೂ ಹೌದು, ಪ್ರಲಾಪವೂ ಹೌದು. ತನ್ನನ್ನು ಇಲ್ಲಿ ನಿಲ್ಲಿಸಿ ಅವನು ಮಾತ್ರ ಊರಿಗೆ ಹೊರಟುಹೋದನೆಂಬ ಭಾವ ಅದರಲ್ಲಿದೆ. ಜೀವಮಾನವೆಲ್ಲ ಹಿಂದಿರುಗಲು ಒಪ್ಪದವನು ಸಾವಿನಲ್ಲಿ ಹಿಂದಿರುಗಿದನೆಂದು ಅವಳಿಗೆ ತೋರುವುದರಲ್ಲಿ ಇಡೀ ಕೃತಿಯ ವ್ಯಂಗ್ಯ ಘನೀಭೂತವಾಗಿದೆ.

ಸ್ಕಾಟರ ಈ ಕಾಣ್ಕೆ ಎಷ್ಟರಮಟ್ಟಿಗೆ ನಿಜ? ಚರಿತ್ರೆಯ ಕೆಲವರನ್ನು ಅದರ ಪಕ್ಕದಲ್ಲಿ ಇಟ್ಟು ನೋಡಬಹುದು. ಜಿಮ್ ಕಾರ್ಬೆಟ್ಟರು 1875ರಲ್ಲಿ ನೈನಿತಾಲಿನಲ್ಲಿ ಹುಟ್ಟಿದವರು. ಕುಮಾವೂಂ ಬೆಟ್ಟಗಳ ಜನರ ನಡುವೆ ಬಾಳಿದವರು. ಅಂಥವರು 1947ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅಕ್ಕ ಮ್ಯಾಗಿಯೊಡನೆ ಕೆನ್ಯಾಕ್ಕೆ ಹೊರಟರು. ಭಾರತದ ಬಡವರ ಮೇಲಿನ ಅಕ್ಕರೆಯನ್ನು ತುಂಬಿಕೊಂಡ ‘ಮೈ ಇಂಡಿಯಾ’ 1952ರಲ್ಲಿ ಪ್ರಕಟವಾದಾಗ ಅವರು ನ್ಯೇರಿ ಎಂಬ ಊರಿನಲ್ಲಿದ್ದರು. 1955ರಲ್ಲಿ ಅಲ್ಲಿಯೇ ತೀರಿಕೊಂಡರು. ಪ್ರೀತಿಯಿದ್ದವರು ಹೊರಟರು, ಅಂಥ ಪ್ರೀತಿಯನ್ನು ಎಂದೂ ಆಡಿ ತೋರಿಸದ ಟಸ್ಕರನಂಥವರು ಉಳಿದರು. ನಾಡಿನ ಮೇಲಣ ಒಲವೇ ಉಳಿವಿಗೆ ಕಾರಣವೆಂಬ ನಂಬಿಕೆ ಈ ಎರಡು ಉದಾಹರಣೆಗಳ ಮುಂದೆ ನಿಲ್ಲಲಾರದು.

ಹುಟ್ಟೂ ನಿರ್ಣಾಯಕವಲ್ಲ. ಕನ್ನಡಿಗರು ಋಣಿಗಳಾಗಿರುವ ಬಿ. ಎಲ್. ರೈಸರು 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಿಂದ ಈ ನಾಡಿನ ಶಾಸನಸಂಪತ್ತನ್ನು ಬೆಳಕಿಗೆ ತಂದರು. ಆದರೂ 1906ರಲ್ಲಿ ನಿವೃತ್ತರಾದೊಡನೆ ಇಂಗ್ಲೆಂಡಿಗೆ ಹೋಗಿ ನೆಲಸಿ, 1927ರಲ್ಲಿ ಅಲ್ಲಿ ಕಾಲವಾದರು. ಇವರಿಗೆ ಪ್ರತಿಯಾಗಿ ಕೆನೆತ್ ಆಂಡರ್ಸನ್ನರನ್ನು ಹೇಳಬಹುದು. ಸ್ಕಾಟಿಷ್ ಮೂಲದ ಕುಟುಂಬದಲ್ಲಿ 1910ರಲ್ಲಿ ಭಾರತದಲ್ಲಿಯೇ ಹುಟ್ಟಿ, ಕನ್ನಡ ತಮಿಳುಗಳನ್ನು ಆಡುತ್ತ, ಬೆಂಗಳೂರಿನಲ್ಲಿ ನೆಲೆನಿಂತ ಅವರು 1974ರಲ್ಲಿ ಇಲ್ಲಿಯೇ ಕೊನೆಯುಸಿರೆಳೆದರು. ಅವರ ಬೇಟೆಯ ಕಥೆಗಳು ಪೂರ್ಣಚಂದ್ರ ತೇಜಸ್ವಿಯವರ ಭಾವಾನುವಾದದ ಮೂಲಕ ಕನ್ನಡದ ಮನೆಮಾತಾಗಿವೆ. ನಾಡಿನಲ್ಲಿ ಉಳಿದವರು ನಾಡಿನ ನುಡಿಯಲ್ಲಿಯೂ ಉಳಿದ ಅಪೂರ್ವ ನಿದರ್ಶನವಿದು. ಆದರೆ ಕಾರ್ಬೆಟ್ಟರ ರುದ್ರಪ್ರಯಾಗದ ಕಥೆಯನ್ನೂ ಕನ್ನಡಕ್ಕೆ ತಂದವರು ತೇಜಸ್ವಿಯವರೇ. ಓದುಗರ ಪ್ರೀತಿಯು ಉಳಿದವರು ಹೊರಟವರೆಂಬ ಭೇದವನ್ನು ಎಣಿಸಲಿಲ್ಲ.

ನಿರ್ಧಾರಪೂರ್ವಕವಾಗಿ ಉಳಿದವರೂ ಇದ್ದಾರೆ. ವೆರಿಯರ್ ಎಲ್ವಿನ್ನರು 1927ರಲ್ಲಿ ಕ್ರೈಸ್ತ ಸೇವಾಸಂಸ್ಥೆಯ ಕಾರ್ಯಕ್ಕೆಂದು ಬಂದವರು. ಗೊಂಡರ ನಡುವೆ ಬಾಳಿ, 1954ರಲ್ಲಿ ಭಾರತದ ಪೌರತ್ವ ಪಡೆದು, ಈಶಾನ್ಯ ಗಡಿನಾಡಿನ ಗಿರಿಜನರ ಸೇವೆಯಲ್ಲಿದ್ದು 1964ರಲ್ಲಿ ದಿಲ್ಲಿಯಲ್ಲಿ ನಿಧನರಾದರು. ಅವರ ಆತ್ಮಕಥೆಗೆ ಮರಣಾನಂತರ 1965ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಎಲ್ವಿನ್ನರಿಗೆ ಇಲ್ಲಿ ಮುಗಿಯದ ಕೆಲಸವಿತ್ತು. ಟಸ್ಕರನಿಗೆ ಮುಗಿದ ಕೆಲಸದ ನೆನಪಿತ್ತು. ಇಬ್ಬರ ಉಳಿವನ್ನೂ ಒಂದೇ ಕ್ರಿಯಾಪದದಿಂದ ಸೂಚಿಸಬೇಕಾಗಿ ಬಂದಿರುವುದು ಭಾಷೆಯ ಬಡತನ.

ಈ ಹೋಲಿಕೆಯಿಂದ ಸ್ಕಾಟರ ಮಿತಿಯೂ ಗೋಚರವಾಗುತ್ತದೆ. ಅವರು ಆರಿಸಿಕೊಂಡದ್ದು ಜೋತುಬಿದ್ದವರ ಕಥೆಯನ್ನು ಮಾತ್ರ. ಅದು ದೋಷವಲ್ಲ, ಕಾದಂಬರಿಕಾರನ ಹಕ್ಕು. ದೋಷವಿರುವುದು ಬೇರೆಡೆ. ಶ್ರೀಮತಿ ಭೂಲಾಭಾಯಿಯ ಚಿತ್ರಣದಲ್ಲಿ ಸ್ಥೂಲಕಾಯ, ದುರಾಸೆ, ಗಂಡನ ಮೇಲಿನ ದರ್ಪ ಇವುಗಳ ಹೊರತು ಬೇರೆ ರೇಖೆಗಳು ಕಡಮೆ. ಸೇವಕ ಇಬ್ರಾಹಿಮನ ವಿಷಯದಲ್ಲಿ ತೋರಿದ ಸೂಕ್ಷ್ಮತೆ ಇಲ್ಲಿ ಕಾಣದು. ಹೊಸ ಭಾರತದ ಹಣವಂತರು ನಗೆಗೀಡಾಗುವಷ್ಟು ಸುಲಭವಾಗಿ ಅರ್ಥಕ್ಕೆ ಈಡಾಗುವುದಿಲ್ಲ. ಪಂಕೋಟಿನ ಬೆಟ್ಟದ ಜನರ ಬದುಕಿಗೂ ನುಡಿಗೂ ಕೃತಿಯಲ್ಲಿ ದೊರೆತ ಎಡೆ ಅಲ್ಪ. ಸ್ಮಾಲಿಗಳಿಗೆ ಅವರು ಕಾಣಿಸಲಿಲ್ಲವೆಂಬುದು ಸತ್ಯವಿರಬಹುದು. ಆದರೆ ಸ್ಮಾಲಿಗಳ ಕುರುಡನ್ನು ತೋರಿಸುವುದಕ್ಕೆ ಕೃತಿಯೂ ಕಣ್ಣು ಮುಚ್ಚಿಕೊಳ್ಳಬೇಕಾಗಿಲ್ಲ.

ಹೊರನಾಡಿನಲ್ಲಿ ಬಾಳುವ ಕನ್ನಡಿಗನು ಈ ಕಾದಂಬರಿಯನ್ನು ಓದುವಾಗ ಒಂದು ಎಚ್ಚರ ಅಗತ್ಯ. ಟಸ್ಕರನು ಆಳುವವರ ಪರಂಪರೆಯಲ್ಲಿ ಬಂದವನು. ಮುಂಬಯಿಗೆ ಬಂದ ಕನ್ನಡಿಗನು ಹೋಟೆಲಿನ ಮಾಣಿಯಾಗಿಯೋ ಕಚೇರಿಯ ಗುಮಾಸ್ತನಾಗಿಯೋ ಬಂದವನು. ಒಂದೇ ದೇಶದ ಪ್ರಜೆ. ಇವರಿಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೂ ನಿವೃತ್ತಿಯ ಕಾಗದ ಕೈಗೆ ಬಂದ ಸಂಜೆ ಏಳುವ ಪ್ರಶ್ನೆಗಳು ಅಪರಿಚಿತವೇನಲ್ಲ. ಬಾಡಿಗೆಯ ಮನೆಯನ್ನು ಬಿಡುವುದೋ, ಊರಿನ ಹಳೆಯ ಮನೆಗೆ ಹೆಂಚು ಹೊದೆಸುವುದೋ, ಅಲ್ಲಿ ಗುರುತು ಹಿಡಿಯುವವರು ಯಾರಿದ್ದಾರೆ ಎಂಬ ಮಾತು ಇಂಥ ಮನೆಗಳಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಅನೇಕ ವೇಳೆ ತೀರ್ಮಾನವಾಗದೆಯೇ ಮುಗಿಯುತ್ತದೆ. ಆ ಮಾತಿನಲ್ಲಿ ಒಳಮನೆಯವರ ದನಿ ಎಷ್ಟು ಕೇಳಿಸುತ್ತದೆಂಬುದು ವಿಚಾರಾರ್ಹ. ಮದುವೆಯಾಗಿ ಒಮ್ಮೆ ಊರು ಬಿಟ್ಟು ಬಂದವಳನ್ನು, ನೆರೆಹೊರೆಯನ್ನು ಕಟ್ಟಿಕೊಂಡ ಮೇಲೆ ಮತ್ತೊಮ್ಮೆ ಊರು ಬಿಡಿಸುವಾಗ, ಇಲ್ಲವೇ ಬಿಡಿಸದೆ ಇರುವಾಗ, ಅವಳನ್ನು ಕೇಳುವ ಪದ್ಧತಿ ಎಷ್ಟು ಮನೆಗಳಲ್ಲಿದೆ?

ಸ್ಕಾಟರು ಉಳಿವನ್ನು ಹೊಗಳಲಿಲ್ಲ, ಹೊರಡುವುದನ್ನು ಹಳಿಯಲಿಲ್ಲ. ಟಸ್ಕರನ ಪತ್ರ ಇಪ್ಪತ್ತೈದು ವರ್ಷ ತಡವಾಗಿ ಬಂತು. ಅದನ್ನು ಕುರಿತು ಗಂಡನೊಡನೆ ಮಾತಾಡುವ ಅವಕಾಶವೂ ಲೂಸಿಗೆ ಬಹುಕಾಲ ಉಳಿಯಲಿಲ್ಲ. ಆ ತಡವನ್ನು ಇಷ್ಟು ನಿಷ್ಕೃಷ್ಟವಾಗಿ ಅಳೆದು ತೋರಿಸಿದುದರಿಂದ ‘ಸ್ಟೇಯಿಂಗ್ ಆನ್’ ತನ್ನ ಮಿತಿಗಳೊಡನೆಯೂ ಓದಿಸಿಕೊಳ್ಳುವ ಕೃತಿಯಾಗಿದೆ.