ಈಡು ಹಾರುವ ಮೊದಲು

ಇಂಗ್ಲಿಷಿನ ಮಕ್ಕಳ ಸಾಹಸ ಕಥೆ ಕಡಲಿಗಿಳಿಯಿತು, ಕನ್ನಡದ್ದು ಕಾಡು ಹೊಕ್ಕಿತು. ಸ್ಟೀವನ್‌ಸನ್ ಬರೆದ ‘ಟ್ರೆಷರ್ ಐಲೆಂಡ್’ (1883) ಕಾದಂಬರಿಯ ಹುಡುಗ ಹಡಗು ಹತ್ತಿ, ದ್ವೀಪ ಸೇರಿ, ಹೂತಿಟ್ಟ ಚಿನ್ನದೊಂದಿಗೆ ಮನೆಗೆ ಬಂದ. ನಮ್ಮ ಹುಡುಗರಿಗೆ ಅಷ್ಟು ದೂರ ಹೋಗುವ ಪ್ರಮೇಯವೇ ಬರಲಿಲ್ಲ. ನಾನಿರುವ ಇಲವಾಲದಲ್ಲಿ ಬಸ್ಸು ಹತ್ತಿದರೆ ಹುಣಸೂರು, ಅಲ್ಲಿಂದ ಮುಂದೆ ನಾಗರಹೊಳೆ. ಮನೆಯ ಹಿಂದೆ ತೋಟ, ತೋಟದಾಚೆ ಹಳು, ಹಳುವಿನಾಚೆ ಕಾಡು. ಕನ್ನಡದ ಸಾಹಸ ಕಥೆಯ ಭೂಪಟ ಇಷ್ಟೇ. ಹತ್ತು-ಹನ್ನೆರಡರ ವಯಸ್ಸಿನಲ್ಲಿ ಊಟ ನಿದ್ದೆ ಮರೆತು ಓದಿದ ಆ ಪುಸ್ತಕಗಳನ್ನು ಈ ಮಳೆಗಾಲದಲ್ಲಿ ಮತ್ತೆ ಕೈಗೆತ್ತಿಕೊಂಡೆ. ಕುವೆಂಪು, ತೇಜಸ್ವಿ, ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆಂಡರ್ಸನ್ ಮತ್ತು ಜಿಮ್ ಕಾರ್ಬೆಟ್, ಇವರ ಜೊತೆಗೆ ಕಿಪ್ಲಿಂಗ್. ಇವುಗಳಲ್ಲಿ ಹೆಚ್ಚಿನವು ಮಕ್ಕಳಿಗೆಂದೇ ಬರೆದವಲ್ಲ. ಮಕ್ಕಳೇ ಕೈಹಾಕಿ ತಮ್ಮದು ಮಾಡಿಕೊಂಡವು.

ಆಗ ಪುಟ ತಿರುವುತ್ತಿದ್ದುದು ಕೋವಿಯ ಈಡು ಹಾರುವ ಜಾಗವನ್ನು ಬೇಗ ಮುಟ್ಟಲು. ಈಗ ಓದಿದರೆ ಈಡು ಹಾರುವ ಪುಟಗಳೇ ಎಲ್ಲಕ್ಕಿಂತ ತೆಳು. ಹುಲಿ ಉರುಳುತ್ತದೆ, ಊರಿನವರು ಕುಣಿಯುತ್ತಾರೆ, ಕಥೆ ಮುಗಿಯುತ್ತದೆ. ಹತ್ತು ಕಥೆಗಳ ಈ ಭಾಗವನ್ನು ಅದಲುಬದಲು ಮಾಡಿದರೂ ಗೊತ್ತಾಗುವುದಿಲ್ಲ. ಉಳಿಯುವುದು ಅದಕ್ಕೆ ಹಿಂದಿನ ಪುಟಗಳು: ಅಟ್ಟಣೆಯ ಮೇಲೆ ಕಾಯುವ ಇರುಳು, ಹೆಜ್ಜೆಗುರುತಿನ ಸುತ್ತ ಕೂತು ನಡೆಸುವ ವಾದ, ಸತ್ತವರ ಮನೆಯ ಜಗಲಿಯಲ್ಲಿ ಕೇಳಿಬರುವ ಮಾತು, ಕಾಡನ್ನು ಬಲ್ಲವನೊಬ್ಬನ ಹಿಂದೆ ಬಾಯಿಮುಚ್ಚಿಕೊಂಡು ನಡೆಯುವ ವಿನಯ. ಈ ಪರಂಪರೆಯ ಕಸು ಇರುವುದು ಇಲ್ಲಿ. ಯಾವ ಕೃತಿ ಇದನ್ನು ಎಷ್ಟು ಗೌರವಿಸಿದೆ ಎಂಬುದರ ಮೇಲೆ ಅದರ ಬೆಲೆ ಕಟ್ಟಬೇಕು ಎಂದು ನನ್ನ ನಂಬಿಕೆ.

ಈ ಕಾಡಿನ ಕಥೆಗಳಿಗೆ ಮೈಸೂರು ಬಹಳ ಹಿಂದಿನಿಂದಲೂ ಬರೆಯುವ ಮೇಜು. 1874ರಲ್ಲಿ ಚಾಮರಾಜನಗರದ ಕಡೆ ಆನೆ ಹಿಂಡನ್ನು ಖೆಡ್ಡಾಕ್ಕೆ ಕೆಡವಿದ ಜಿ.ಪಿ. ಸ್ಯಾಂಡರ್ಸನ್ ತನ್ನ ಅನುಭವವನ್ನು 1878ರಲ್ಲಿ ದಪ್ಪ ಪುಸ್ತಕವಾಗಿ ಬರೆದ. ಕಿಪ್ಲಿಂಗನ ‘ಜಂಗಲ್ ಬುಕ್’ (1894) ಸಂಕಲನದಲ್ಲಿ ಮಾವುತನ ಮಗ ತೂಮಾಯಿಯ ಕಥೆಯಿದೆ. ಅದರಲ್ಲಿ ಬರುವ ಪೀಟರ್ಸನ್ ಸಾಹೇಬನಿಗೆ ಈ ಸ್ಯಾಂಡರ್ಸನ್ನೇ ಮಾದರಿ ಎನ್ನುವವರಿದ್ದಾರೆ. ಆ ಕಥೆ ಸಿನಿಮಾ ಆಗುವಾಗ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಬಂದದ್ದೂ ಮೈಸೂರಿಗೇ. ತೂಮಾಯಿಯಾಗಿ ಆರಿಸಿದ್ದು ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ ಹುಟ್ಟಿದ, ಅರಮನೆಯ ಆನೆಲಾಯದಲ್ಲಿದ್ದ ಮಾವುತನ ಮಗ ಸಾಬುವನ್ನು. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಿತು. ಸಾಬು ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. 1963ರಲ್ಲಿ, ನಲವತ್ತು ತುಂಬುವ ಮೊದಲೇ, ಅಮೆರಿಕದಲ್ಲೇ ತೀರಿಕೊಂಡ.

ತೂಮಾಯಿಯ ಕಥೆಯನ್ನು ಈಗ ಓದಿದಾಗ ಎರಡು ಕಥೆಗಳು ಒಂದೇ ಹೊದಿಕೆಯಲ್ಲಿರುವುದು ಕಾಣುತ್ತದೆ. ಹುಡುಗ ಇರುಳಲ್ಲಿ ಕಾಳಾನಾಗನೆಂಬ ಆನೆಯ ಬೆನ್ನಮೇಲೆ ಒರಗಿ ಕಾಡಿನ ನಡುವೆ ಹೋಗುವುದು, ಯಾರೂ ಕಾಣದ ಆನೆಗಳ ಕುಣಿತವನ್ನು ಕಾಣುವುದು ಒಂದು. ಅದು ಇಂದಿಗೂ ಮೈಜುಮ್ಮೆನಿಸುವ ಬರಹ. ಆ ನೋಟಕ್ಕೆ ಬೆಲೆ ಬರುವುದು ಬಿಳಿಯ ಸಾಹೇಬನೊಬ್ಬ ಅದನ್ನು ಒಪ್ಪಿಕೊಂಡ ಮೇಲೆ ಎಂಬುದು ಇನ್ನೊಂದು. ತಲೆಮಾರುಗಳಿಂದ ಆನೆಯೊಂದಿಗೆ ಬದುಕಿದ ಮನೆತನದ ಹುಡುಗನಿಗೆ ಹೊರಗಿನವನ ಶಹಬ್ಬಾಸ್‌ಗಿರಿ ಏಕೆ ಬೇಕಿತ್ತು? ಹನ್ನೆರಡರ ವಯಸ್ಸಿನಲ್ಲಿ ಈ ಪ್ರಶ್ನೆ ಹೊಳೆಯುವುದಿಲ್ಲ. ಹೊಳೆದ ಮೇಲೆ ಆ ಕಥೆಯನ್ನು ಹಳೆಯ ಕಣ್ಣಿನಿಂದ ಓದಲಾಗುವುದಿಲ್ಲ. ಕಿಪ್ಲಿಂಗ್ ಅಷ್ಟರಮಟ್ಟಿಗೆ ಸೋಲುತ್ತಾನೆ.

ಕುವೆಂಪು ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತ, ಮೈಸೂರಿನಲ್ಲಿ ಕೂತು ಮಲೆನಾಡನ್ನು ನೆನೆದವರು. ‘ಮಲೆನಾಡಿನ ಚಿತ್ರಗಳು’ ಬಂದದ್ದು 1933ರಲ್ಲಿ. ‘ಕಾಡಿನಲ್ಲಿ ಕಳೆದ ಒಂದು ಇರುಳು’, ‘ತೋಟದಾಚೆಯ ಭೂತ’ ಮೊದಲಾದ ಬರಹಗಳನ್ನು ಹುಡುಗರು ಬೇಟೆ, ದೆವ್ವದ ಕಥೆಗಳೆಂದೇ ಓದುತ್ತಾರೆ. ಅಲ್ಲಿ ನಿಜಕ್ಕೂ ನಡೆಯುವುದು ಹರಟೆ. ಭಯಪಟ್ಟವನನ್ನು ಉಳಿದವರು ರೇಗಿಸುವುದು, ನಾಯಿಗಳ ಗುಣಾವಗುಣಗಳ ಚರ್ಚೆ, ಕಾಡಿನ ಕತ್ತಲಲ್ಲಿ ಕಿವಿ ಕಣ್ಣಾಗುವುದು. ಬೇಟೆ ಇಲ್ಲಿ ಮನೆಮಂದಿ, ಆಳುಕಾಳು, ನಾಯಿಗಳೆಲ್ಲ ಸೇರಿ ಹೊರಡುವ ಒಂದು ಸಂಸಾರ. ಒಂಟಿ ವೀರ ಎಂಬ ಪಾತ್ರವೇ ಇಲ್ಲ. ಇದು ನಮ್ಮ ಪರಂಪರೆಗೆ ಸಿಕ್ಕ ದೊಡ್ಡ ಬಳುವಳಿ. ಆದರೆ ಒಂದು ಮಾತು ಹೇಳಲೇಬೇಕು. ಒಡೆಯರ ಮನೆಯ ಹುಡುಗ ಕೋವಿ ಹಿಡಿದು ನಿಲ್ಲುತ್ತಾನೆ, ಮುಳ್ಳು ಪೊದೆಗೆ ನುಗ್ಗಿ ಹಂದಿಯನ್ನು ಎಬ್ಬಿಸುವುದು ಆಳುಗಳ ಪಾಲು. ಚಿತ್ರಗಳಲ್ಲಿ ಈ ಏರುಪೇರು ನಗೆಯೊಳಗೆ ಮುಚ್ಚಿಹೋಗುತ್ತದೆ. ಅದನ್ನು ತೆರೆದು ತೋರಿಸಲು ಕುವೆಂಪು ಅವರಿಗೆ ‘ಮಲೆಗಳಲ್ಲಿ ಮದುಮಗಳು’ (1967) ಬೇಕಾಯಿತು. ಅಲ್ಲಿ ನಾಯಿ ಹುಲಿಯನೊಂದಿಗೆ ಕಾಡು ದಾಟುವವನು ಜೀತದಾಳು ಗುತ್ತಿ. ನನ್ನ ದೃಷ್ಟಿಯಲ್ಲಿ ಕುವೆಂಪು ಬರೆದ ನಿಜವಾದ ಸಾಹಸ ಕಥೆ ಅದು.

ಕೆನೆತ್ ಆಂಡರ್ಸನ್ (1910–1974) ಬೆಂಗಳೂರಿನ ಮನುಷ್ಯ. ಆತನ ಮೊದಲ ಪುಸ್ತಕ 1954ರಲ್ಲಿ ಬಂತು. ಆತನ ಕಥೆಗಳ ಊರುಗಳ ಪಟ್ಟಿ ನೋಡಿ: ಹೊಳಲ್ಕೆರೆ, ಹೊಸದುರ್ಗ, ದೇವರಾಯನದುರ್ಗ, ಮಾಗಡಿ, ಚೋರಡಿ. ಇಲ್ಲಿನ ಜನ ಆತನೊಂದಿಗೆ ಆಡಿದ್ದು ಹೆಚ್ಚಾಗಿ ಕನ್ನಡ. ಆತ ಬರೆದದ್ದು ಇಂಗ್ಲಿಷ್. ಊರ ಪಟೇಲ, ಗಾಡಿ ಹೊಡೆಯುವವ, ದನ ಕಳೆದುಕೊಂಡ ರೈತ ಎಲ್ಲರೂ ಆ ಇಂಗ್ಲಿಷಿನಲ್ಲಿ ಒಂದೇ ದನಿಯಲ್ಲಿ ಮಾತಾಡುತ್ತಾರೆ. ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂದು ನಾಲ್ಕು ಭಾಗಗಳಲ್ಲಿ ಅವನ್ನು ಕನ್ನಡಕ್ಕೆ ತಂದಾಗ ಈ ಜನಕ್ಕೆ ಅವರವರ ದನಿ ಮರಳಿ ಸಿಕ್ಕಿತು. ‘ಬೆಳ್ಳಂದೂರಿನ ನರಭಕ್ಷಕ’ ಓದಿದವರಿಗೆ ಇದು ಗೊತ್ತು. ಮಾತು ಮಾತಿಗೆ ನಿಲ್ಲುವ, ಸುತ್ತಿ ಬಳಸಿ ವಿಷಯಕ್ಕೆ ಬರುವ ಹಳ್ಳಿಯವರ ಗತ್ತು ಅಲ್ಲಿದೆ. ತೇಜಸ್ವಿ ಪದಕ್ಕೆ ಪದ ಇಟ್ಟವರಲ್ಲ. ಮೂಡಿಗೆರೆಯ ತೋಟದಲ್ಲಿ ಕೂಲಿಯಾಳು, ಶಿಕಾರಿಯವ, ಮೆಕ್ಯಾನಿಕ್ಕು ಎಲ್ಲರ ಮಾತನ್ನು ದಿನವೂ ಕೇಳುತ್ತಿದ್ದವರು ಆ ಕಿವಿಯಿಂದ ಆಂಡರ್ಸನ್ನನನ್ನು ಮತ್ತೆ ಬರೆದರು. ಮೂಲಕ್ಕಿಂತ ಅನುವಾದ ಮೇಲು ಎಂದು ನಾನು ಅಳುಕದೆ ಹೇಳುವ ಕೆಲವೇ ಪುಸ್ತಕಗಳಲ್ಲಿ ಇವು ಸೇರುತ್ತವೆ.

ಆಂಡರ್ಸನ್ನನ ಒಂದು ಕಥೆ ಅರಸೀಕೆರೆ ಕಡೆಯ ಗುಡ್ಡದ ಕರಡಿಯದು. ದರ್ಗಾ ನೋಡಿಕೊಳ್ಳುವ ಆಲಂ ಬಕ್ಷ್ ಎಂಬ ಮುದುಕನ ಹರೆಯದ ಮಗ ರಾತ್ರಿ ಹೊರಗೆ ಬಂದಾಗ ಕರಡಿಗೆ ಸಿಕ್ಕಿ ಸಾಯುತ್ತಾನೆ. ಹುಡುಗನಾಗಿದ್ದಾಗ ಆ ಸಾವು ಕರಡಿ ಎಷ್ಟು ಕ್ರೂರ ಎಂಬುದಕ್ಕೆ ಸಾಕ್ಷಿ, ಅಷ್ಟೇ. ಈಗ ಓದುವಾಗ ಕಣ್ಣು ನಿಲ್ಲುವುದು ತಂದೆಯ ಮೇಲೆ. ಕಾರ್ಬೆಟ್ ವಿಷಯದಲ್ಲೂ ಹೀಗೇ. ರುದ್ರಪ್ರಯಾಗದ ಚಿರತೆ 1918ರಿಂದ 1926ರವರೆಗೆ 125 ಜನರನ್ನು ಕೊಂದಿತೆಂದು ದಾಖಲೆ. ಎಂಟು ವರ್ಷ ಕತ್ತಲಾದ ಮೇಲೆ ಬಾಗಿಲು ತೆರೆಯಲು ಹೆದರಿದ ಜನರ ಬದುಕು ಆ ಚಿರತೆಯ ಬಗ್ಗೆ ಕಾರ್ಬೆಟ್ ಬರೆದ ಪುಸ್ತಕದ ನಿಜವಾದ ವಸ್ತು. 1907ರಲ್ಲಿ ಕಾರ್ಬೆಟ್ ಕೊಂದ ಚಂಪಾವತ್ ಹೆಣ್ಣುಹುಲಿಯ ಲೆಕ್ಕ 436 ಜೀವ. ಯಾರದೋ ಗುಂಡು ತಗುಲಿ ಅದರ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು. ಆಂಡರ್ಸನ್ನನ ನರಭಕ್ಷಕಗಳ ಮೈಯಲ್ಲೂ ಹೀಗೆ ಹಳೆಯ ಗಾಯಗಳು ಸಿಗುತ್ತಲೇ ಇರುತ್ತವೆ. ಮನುಷ್ಯ ಮಾಡಿದ ಗಾಯ, ಮನುಷ್ಯನಿಗೇ ತಿರುಗಿ ಬಂದದ್ದು. ಈ ಮಾತನ್ನು ಬೇಟೆಗಾರರಿಬ್ಬರೂ ಬಚ್ಚಿಡದೆ ಬರೆದರು ಎಂಬ ಕಾರಣಕ್ಕೇ ಅವರ ಪುಸ್ತಕಗಳು ಇನ್ನೂ ಓದಲು ಯೋಗ್ಯ.

ಈ ದಾರಿಯ ತುದಿಯಲ್ಲಿ ‘ಕರ್ವಾಲೊ’ (1980) ನಿಂತಿದೆ. ಸಾಹಸ ಕಥೆಗೆ ಬೇಕಾದ ಸರಂಜಾಮು ಎಲ್ಲ ಇದೆ: ದುರ್ಗಮ ಕಾಡು, ಕಂಡವರಿಲ್ಲದ ಜೀವಿ, ಅದರ ಬೆನ್ನು ಹತ್ತಿದ ತಂಡ. ತಂಡ ಎಂಥದು ನೋಡಿ. ವಿಜ್ಞಾನಿ ಕರ್ವಾಲೊ, ತೋಟ ಮಾರಿ ಹೋಗಿಬಿಡಲೇ ಎಂದು ಯೋಚಿಸುವ ಒಬ್ಬ ರೈತ, ಜೇನು ಕೀಳುವ ಮಂದಣ್ಣ, ಮರ ಹತ್ತುವುದರಲ್ಲೂ ಬಿರಿಯಾನಿ ಬೇಯಿಸುವುದರಲ್ಲೂ ಎತ್ತಿದ ಕೈಯಾದ ಕರಿಯಪ್ಪ, ರೈತನ ಆಳು ಪ್ಯಾರ, ಫೋಟೋ ತೆಗೆಯುವ ಪ್ರಭಾಕರ, ಎಲ್ಲರಿಗೂ ಅಡ್ಡಬರುವ ನಾಯಿ ಕಿವಿ. ಲೋಕ ಮಂದಣ್ಣನನ್ನು ಪೆದ್ದ ಎನ್ನುತ್ತದೆ. ಹೆಣ್ಣು ಸಿಗಲು ಒಂದು ನೌಕರಿ ಬೇಕೆಂದು ಅವನ ಹಂಬಲ, ಸಾಲದ್ದಕ್ಕೆ ಕಳ್ಳಬಟ್ಟಿಯ ಕೇಸು. ಆದರೆ ಹಾರುವ ಓತಿಯನ್ನು ಕಂಡವನು ಅವನು. ಅವನ ಕಣ್ಣಿನ ಬೆಲೆ ಬಲ್ಲವರು ಕರ್ವಾಲೊ ಒಬ್ಬರೇ. ಕಿಪ್ಲಿಂಗ್ ಎಡವಿದ ಜಾಗದಲ್ಲಿ ತೇಜಸ್ವಿ ಎಷ್ಟು ಬೇರೆಯಾಗಿ ನಡೆದರು ಎಂಬುದನ್ನು ಇಲ್ಲಿ ನೋಡಬಹುದು. ಕರ್ವಾಲೊ ಮಂದಣ್ಣನಿಗೆ ಶಹಬ್ಬಾಸ್ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಅವನ ಮದುವೆಗೆ ಓಡಾಡುತ್ತಾರೆ, ಅವನ ಕೇಸಿಗೆ ತಲೆಕೆಡಿಸಿಕೊಳ್ಳುತ್ತಾರೆ, ಅವನ ಹಿಂದೆ ಕಾಡಿಗೆ ಹೋಗುತ್ತಾರೆ. ಹುಡುಗರಾಗಿದ್ದಾಗ ನಾವು ಹಾರಿಸಿ ಓದಿದ ಆ ಮದುವೆ, ಆ ಕೋರ್ಟು, ಆ ಜೇನು ಸೊಸೈಟಿಯ ಪುಟಗಳಿಲ್ಲದೆ ಕೊನೆಯ ಅಧ್ಯಾಯಕ್ಕೆ ಬಲವೇ ಇಲ್ಲ.

ಆ ಕೊನೆಯ ಅಧ್ಯಾಯದಲ್ಲಿ ಓತಿ ಸಿಗುವುದಿಲ್ಲ. ಇಷ್ಟು ದಿನ ಅಲೆದವರ ಕಣ್ಣೆದುರೇ ಅದು ಕಣಿವೆಯ ಅಂಚಿನಿಂದ ಜಿಗಿದು, ತೇಲಿ, ಪಾತಾಳದಂಥ ಆಳದಲ್ಲಿ ಮರೆಯಾಗುತ್ತದೆ. ಈಡು ಹಾರದ ಸಾಹಸ ಕಥೆ ಇದು. ಹನ್ನೆರಡರ ವಯಸ್ಸಿನಲ್ಲಿ ನನಗೆ ಈ ಕೊನೆ ಮೋಸವೆನಿಸಿತ್ತು. ಈಗ ಕನ್ನಡದ ಯಾವ ಸಾಹಸ ಕಥೆಯಲ್ಲೂ ಇದಕ್ಕಿಂತ ದೊಡ್ಡ ಮುಕ್ತಾಯ ಕಾಣೆ. ಹಿಡಿಯಲಾಗದೆ ಹೋದದ್ದು ಆ ತಂಡಕ್ಕೆ ಸೋಲಾಗದಂತೆ, ನೋಡಿದ್ದೇ ದಕ್ಕಿದಂತೆ ತೇಜಸ್ವಿ ಬರೆದರು.

ಈ ಪರಂಪರೆಯ ದೊಡ್ಡ ಕೊರತೆಗಳು ಎರಡು. ಮೊದಲನೆಯದು, ಹುಡುಗಿಯರಿಲ್ಲ. ಹೆಂಗಸರು ಹುಲಿಗೆ ಬಲಿಯಾಗುತ್ತಾರೆ, ಬೇಟೆ ಮುಗಿಸಿ ಬಂದವರಿಗೆ ಕಾಫಿ ಕೊಡುತ್ತಾರೆ. ‘ಜುಗಾರಿ ಕ್ರಾಸ್’ (1994) ಕಾದಂಬರಿಯ ಗೌರಿ ಗಂಡನ ಜೊತೆ ಅಪಾಯಕ್ಕೆ ಸಮಸಮ ಹೆಗಲು ಕೊಟ್ಟು ನಿಲ್ಲುತ್ತಾಳೆ ಎಂಬುದೊಂದು ಸಮಾಧಾನ. ಆದರೆ ಅವಳು ಮದುವೆಯಾದವಳು. ಹನ್ನೊಂದು ವರ್ಷದ ಹುಡುಗಿಯೊಬ್ಬಳು ತನ್ನಷ್ಟಕ್ಕೆ ಕಾಡಿಗೆ ಹೊರಡುವ ಕಥೆಗಾಗಿ ನನ್ನ ಕಪಾಟನ್ನೆಲ್ಲ ಹುಡುಕಿದೆ, ಸಿಗಲಿಲ್ಲ.

ಎರಡನೆಯದು ಇನ್ನೂ ಭಾರವಾದದ್ದು. ಈ ಕಥೆಗಳಲ್ಲಿ ದಾರಿ ತೋರುವವರು ಕಾಡಿನ ಬುಡಕಟ್ಟುಗಳಾದ ಇರುಳಿಗರು, ಪೂಜಾರಿಗಳು, ಕುರುಬರು. ಆಂಡರ್ಸನ್ ತನ್ನ ಗೆಳೆಯ ಬೈರನ ಬಗ್ಗೆ ಪ್ರೀತಿಯಿಂದಲೇ ಬರೆದ. ಆದರೂ ಕಥೆ ಆಂಡರ್ಸನ್ನನದು, ಬೈರನದಲ್ಲ. ಮಾಸ್ತಿಯವರ ‘ಕಾಕನಕೋಟೆ’ ನಾಟಕ ಕಾಡುಕುರುಬರ ಕಾಚನನ್ನು ರಂಗದ ನಡುವೆ ನಿಲ್ಲಿಸಿತ್ತು, ಆ ದಾರಿಯಲ್ಲಿ ಮುಂದೆ ಹೋದವರು ಕಡಿಮೆ. ಅತ್ತ ಕಾಡಿನಲ್ಲೇ ಎಲ್ಲ ಬದಲಾಯಿತು. 1972ರ ವನ್ಯಜೀವಿ ಕಾಯಿದೆ ಬಂತು, ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು, ಜೇನುಕುರುಬರ ಎಷ್ಟೋ ಹಾಡಿಗಳು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಬಂದವು. ಹುಲಿ ಉಳಿಯಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಹುಲಿಯ ಹೆಜ್ಜೆ ಓದಬಲ್ಲವರ ಮಕ್ಕಳು ಕಾಡಿನಿಂದ ಹೊರಗೆ ಬೆಳೆಯುವಂತಾದದ್ದೂ ಈ ಕಥೆಗಳ ಮುಂದುವರಿಕೆಯೇ. ಅದನ್ನು ಯಾರಾದರೂ ಬರೆಯಬೇಕು.

ನಮ್ಮ ಮಕ್ಕಳಿಗೆ ಇವನ್ನು ಓದಿಸುವಾಗ ಇನ್ನೊಂದು ಎಚ್ಚರ ಬೇಕು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಸತ್ತರು. ಅವರಲ್ಲಿ ಹನ್ನೊಂದು ವರ್ಷದ ಹುಡುಗನೂ ಒಬ್ಬ. 2024ರ ಡಿಸೆಂಬರ್ 31ರಂದು ಮೈಸೂರಿನ ಇನ್ಫೊಸಿಸ್ ಆವರಣದ ಕ್ಯಾಮೆರಾದಲ್ಲಿ ಚಿರತೆ ಕಾಣಿಸಿಕೊಂಡಿತು, ದಿನಗಟ್ಟಲೆ ಹುಡುಕಿದರೂ ಅದು ಸಿಗಲಿಲ್ಲ. ಆ ಆವರಣಕ್ಕೂ ಇಲವಾಲಕ್ಕೂ ಹೆಚ್ಚು ದೂರವಿಲ್ಲ. ಇಲ್ಲಿನ ಮಗುವಿಗೆ ಚಿರತೆ ಪುಸ್ತಕದ ಪ್ರಾಣಿಯಾಗಿ ಉಳಿದಿಲ್ಲ. ಕೋವಿ ಹಿಡಿದ ಸಾಹೇಬ ಬಂದು ಎಲ್ಲ ಸರಿಮಾಡುತ್ತಾನೆ ಎಂದು ಅದಕ್ಕೆ ಹೇಳಿಕೊಡಬಾರದು. ಗಾಯಗೊಂಡ ಪ್ರಾಣಿ ಏಕೆ ಊರಿಗೆ ಬರುತ್ತದೆ, ಕಬ್ಬಿನ ಗದ್ದೆ ಅದಕ್ಕೆ ಏಕೆ ಮನೆಯಾಗುತ್ತದೆ ಎಂಬ ಮಾತನ್ನು ಕಾರ್ಬೆಟ್, ಆಂಡರ್ಸನ್ ಓದಿಸಿದ ಮೇಲೆ ಕೂಡಿಸಿ ಹೇಳಬೇಕು.

ಮೇಷ್ಟರುಗಳಿಗೆ, ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವವರಿಗೆ, ಮನೆಯಲ್ಲಿ ಮಕ್ಕಳಿರುವ ಎಲ್ಲರಿಗೂ ನನ್ನದೊಂದು ಕೋರಿಕೆ. ‘ಕರ್ವಾಲೊ’ವನ್ನು ಪರೀಕ್ಷೆಯ ಪ್ರಶ್ನೆಗಳ ಹಂಗಿಲ್ಲದೆ ಹನ್ನೆರಡರ ಮಕ್ಕಳ ಕೈಗೆ ಕೊಡಿ. ‘ಕಾಡಿನ ಕಥೆಗಳು’ ಗಟ್ಟಿಯಾಗಿ ಓದಿ ಹೇಳಿ, ಆ ಕನ್ನಡ ಕಿವಿಗೆಂದೇ ಬರೆದದ್ದು. ಹಾಡಿಯ ಶಾಲೆಗಳಲ್ಲಿ ಪಾಠ ಹೇಳುವವರಿದ್ದರೆ ಅಲ್ಲಿನ ಅಜ್ಜ ಅಜ್ಜಿಯರು ಹೇಳುವ ಕಾಡಿನ ಮಾತನ್ನು ಮಕ್ಕಳಿಂದಲೇ ಬರೆಯಿಸಿ, ಪ್ರಕಾಶಕರು ಅದನ್ನು ಅಚ್ಚು ಹಾಕಲಿ. ಬೈರನ ಮೊಮ್ಮಗಳು ಬರೆದ ಸಾಹಸ ಕಥೆಯನ್ನು ಓದಲು ನಾನು ಕಾದಿದ್ದೇನೆ.